ಸೋರಿಕೆ ನಿಂತಿತೇ ಎಂದಷ್ಟೇ ಕೇಳಬೇಡಿ

ಪ್ರಾಸ್ಟೇಟ್ ಗ್ರಂಥಿ ತೆಗೆಸಿಕೊಂಡು ಮೂತ್ರದ ಹಿಡಿತ ಕಳೆದುಕೊಂಡ ಗಂಡಸರಿದ್ದಾರೆ. ಅದನ್ನು ಸರಿಪಡಿಸಲು ಇನ್ನೊಂದು ಆಪರೇಷನ್ ಆದ ಮೇಲೆ ಆಸ್ಪತ್ರೆಯಲ್ಲಿ ಅವರಿಗೆ ಎದುರಾಗುವ ಪ್ರಶ್ನೆ ಹೆಚ್ಚಾಗಿ ಒಂದೇ: ‘ದಿನಕ್ಕೆ ಎಷ್ಟು ಪ್ಯಾಡ್ ಆಗ್ತಿದೆ?’ ಸೊನ್ನೆ ಎಂದರೆ ಗೆಲುವು. ಒಂದು ಎಂದರೆ ಪರವಾಗಿಲ್ಲ. ಮೂರು ಎಂದರೆ ವೈದ್ಯರ ಮುಖ ಬಾಡುತ್ತದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು, ಎಣಿಕೆಯ ಬೆಲೆ ಗೊತ್ತಿದೆ. ಆದರೆ ಈ ಆಪರೇಷನ್ ಮಾಡಿಸಿಕೊಂಡವನಾಗಿ ಹೇಳುತ್ತೇನೆ, ಪ್ಯಾಡ್ ಎಣಿಸಿದರೆ ರೋಗಿಯ ಸಮಾಧಾನ ಲೆಕ್ಕಕ್ಕೆ ಸಿಗುವುದಿಲ್ಲ. ಅದನ್ನು ಅವನ ಬಾಯಿಂದ, ಅವನ ಮಾತಿನಲ್ಲಿ, ಸಾಕಷ್ಟು ಸಮಯ ಕೊಟ್ಟು ಕೇಳಬೇಕು. ಕೇಳುವ ಪದ್ಧತಿಯೇ ನಮ್ಮಲ್ಲಿಲ್ಲ.

ನನ್ನ ಊರು ಸಾವನದುರ್ಗದ ಬುಡದಲ್ಲಿ, ಮಾಗಡಿಗೂ ಮಂಚನಬೆಲೆ ಜಲಾಶಯಕ್ಕೂ ನಡುವೆ. 1226 ಮೀಟರ್ ಎತ್ತರದ ಆ ಬಂಡೆಯನ್ನು ಶಾಲೆಯ ಮಕ್ಕಳ ಜೊತೆ ವರ್ಷ ವರ್ಷ ಹತ್ತುತ್ತಿದ್ದೆ. ಅರವತ್ತು ದಾಟಿದ ಮೇಲೆ ರಕ್ತಪರೀಕ್ಷೆಯಲ್ಲಿ ಪ್ರಾಸ್ಟೇಟಿನ ತೊಂದರೆ ಸೂಚಿಸುವ ಪಿಎಸ್‌ಎ ಹೆಚ್ಚು ಬಂತು, ತುಣುಕು ತೆಗೆದು ನೋಡಿದರು, ಕ್ಯಾನ್ಸರ್ ಎಂದಾಯಿತು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಗ್ರಂಥಿಯನ್ನು ಪೂರ್ತಿ ತೆಗೆದರು. ಕ್ಯಾನ್ಸರ್ ಮತ್ತೆ ಕಾಣಿಸಿಕೊಂಡಿಲ್ಲ. ಅದಕ್ಕೆ ನಾನು ಕೃತಜ್ಞ. ಆಪರೇಷನ್ ವೇಳೆ ಹಾಕಿದ್ದ ಮೂತ್ರದ ಪೈಪ್ ತೆಗೆದ ದಿನದಿಂದ ಮಾತ್ರ ಮೂತ್ರ ನನ್ನ ಮಾತು ಕೇಳಲಿಲ್ಲ.

ಇದು ಯಾಕೆ ಆಗುತ್ತದೆ ಎನ್ನುವುದನ್ನು ನಮ್ಮವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಗಂಡಸಿನ ದೇಹದಲ್ಲಿ ಮೂತ್ರ ತಡೆಯಲು ಎರಡು ಹಿಡಿತಗಳಿವೆ. ಒಂದು ಮೂತ್ರಕೋಶದ ಬಾಯಲ್ಲಿ, ಇನ್ನೊಂದು ಪ್ರಾಸ್ಟೇಟಿನ ಕೆಳಗೆ. ಕ್ಯಾನ್ಸರ್ ಎಂದು ಗ್ರಂಥಿಯನ್ನು ಬುಡಸಮೇತ ತೆಗೆದಾಗ ಮೇಲಿನದು ಬಹುಮಟ್ಟಿಗೆ ಹೋಗುತ್ತದೆ, ಕೆಳಗಿನ ಸ್ನಾಯು ಒಂದೇ ಎಲ್ಲವನ್ನೂ ಹೊರಬೇಕು. ಅದಕ್ಕೆ ಪೆಟ್ಟಾಗಿದ್ದರೆ ಕೆಮ್ಮಿದಾಗ, ಸೀನಿದಾಗ, ಬಗ್ಗಿ ಎದ್ದಾಗ ಸೋರುತ್ತದೆ. ಹೆಚ್ಚಿನವರಿಗೆ ತಿಂಗಳುಗಳು ಕಳೆದಂತೆ, ಕೆಳಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಮಾಡಿದಂತೆ, ಹಿಡಿತ ಮರಳುತ್ತದೆ. ವರ್ಷದವರೆಗೂ ಕಾಯಿರಿ ಎಂದು ವೈದ್ಯರು ಹೇಳುವುದು ಅದಕ್ಕೇ. ಕೆಲವರಿಗೆ ವರ್ಷ ಕಳೆದರೂ ಬರುವುದಿಲ್ಲ. ನಾನು ಆ ಕೆಲವರಲ್ಲಿ ಒಬ್ಬ.

ಆ ವರ್ಷ ಏನೇನು ಕೈಬಿಟ್ಟೆ ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಿಳಿ ಪಂಚೆ ಬಿಟ್ಟೆ, ಕಪ್ಪು ಪ್ಯಾಂಟ್ ಹಿಡಿದೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರುವುದು ಬಿಟ್ಟೆ, ನೆಲದಿಂದ ಏಳುವ ಆ ಒಂದು ಗಳಿಗೆಗೆ ಹೆದರಿ. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವ ದಿನ ಬೆಳಗಿನಿಂದ ನೀರು ಮುಟ್ಟುತ್ತಿರಲಿಲ್ಲ, ಉರಿಮೂತ್ರ ಶುರುವಾಗಿ ಸೋರುವುದು ಇನ್ನೂ ಹೆಚ್ಚಾಗುತ್ತಿತ್ತು. ನನ್ನ ಜೊತೆ ಓದಿದ ಗೆಳೆಯ ತೀರಿಕೊಂಡಾಗ ಚಟ್ಟಕ್ಕೆ ಹೆಗಲು ಕೊಡಲಿಲ್ಲ. ಭಾರ ಎತ್ತಿದರೆ ಎಲ್ಲರೆದುರು ಏನಾಗುತ್ತದೋ ಎಂದು ಹಿಂದೆ ನಡೆದೆ. ‘ಮೇಷ್ಟ್ರಿಗೆ ಏನು ಮುನಿಸಿತ್ತೋ’ ಎಂದು ಊರಲ್ಲಿ ಮಾತಾಯಿತು.

ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ದೇವಸ್ಥಾನ. ನಮ್ಮ ಮನೆದೇವರು ಬೆಟ್ಟದ ಬುಡದ ಸಾವಂದಿ ವೀರಭದ್ರಸ್ವಾಮಿ. ಒದ್ದೆ ಬಟ್ಟೆ ಒಳಗಿಟ್ಟುಕೊಂಡು ಮಡಿಯಲ್ಲಿದ್ದೇನೆ ಎಂದು ಹೇಗೆ ನಿಲ್ಲಲಿ? ಮನೆಯವರು ಒಳಗೆ ಹೋದರೆ ನಾನು ಹೊರಗೆ ಕಟ್ಟೆಯ ಮೇಲೆ ಚಪ್ಪಲಿ ಕಾಯುತ್ತ ಕೂರುತ್ತಿದ್ದೆ. ಯಾರೂ ನನ್ನನ್ನು ಬೇಡ ಎನ್ನಲಿಲ್ಲ. ನಾನೇ ನನ್ನನ್ನು ಹೊರಗಿಟ್ಟುಕೊಂಡಿದ್ದೆ. ಈ ಕಾಯಿಲೆ ಮನುಷ್ಯನಿಗೆ ಮಾಡುವುದು ಇದನ್ನೇ. ಯಾವ ಪ್ಯಾಡಿನ ಲೆಕ್ಕದಲ್ಲೂ ಇದು ಬರುವುದಿಲ್ಲ.

ಮಾಗಡಿಯ ಮೆಡಿಕಲ್ ಸ್ಟೋರಿನಲ್ಲಿ ಡೈಪರ್ ಕೇಳಿದೆ. ಅಂಗಡಿಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ‘ಅಮ್ಮೋರ್ಗಾ ಸಾರ್?’ ಎಂದ. ನಮ್ಮ ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಹೂಂ ಎಂದೆ. ಗಂಡಸಿಗೆ ಹೀಗಾಗಬಹುದು ಎನ್ನುವುದು ಆ ಹುಡುಗನ ತಲೆಯಲ್ಲಿ ಇರಲೇ ಇಲ್ಲ. ಅವನನ್ನು ದೂರಿ ಫಲವಿಲ್ಲ, ಪಾಠ ಹೇಳಿದ ನಮಗೂ ಗೊತ್ತಿರಲಿಲ್ಲ. ಹೆಂಗಸರ ಪ್ಯಾಡಿನ ಮೇಲಿನ ತೆರಿಗೆ 2018ರ ಜುಲೈನಲ್ಲಿ ಪೂರ್ತಿ ಹೋಯಿತು, ಅದಕ್ಕಾಗಿ ಹೆಣ್ಣುಮಕ್ಕಳು ಬೀದಿಯಲ್ಲಿ ನಿಂತು ಮಾತಾಡಿದರು. ದೊಡ್ಡವರ ಡೈಪರ್‌ಗೆ ಶೇ 12ರ ಜಿಎಸ್‌ಟಿ ಆಮೇಲೂ ಉಳಿಯಿತು, 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರಿನಲ್ಲಿ. ಅದಕ್ಕಾಗಿ ಬಾಯಿಬಿಟ್ಟ ಒಬ್ಬ ಗಂಡಸನ್ನೂ ನಾನು ಕಾಣಲಿಲ್ಲ.

ಎರಡನೇ ಆಪರೇಷನ್ ವಿಷಯಕ್ಕೆ ಬರುತ್ತೇನೆ. ಮುಖ್ಯವಾಗಿ ಎರಡು ದಾರಿಗಳಿವೆ. ಸೋರುವುದು ಕಮ್ಮಿ ಅಥವಾ ಮಧ್ಯಮವಾಗಿದ್ದರೆ ಮೂತ್ರನಾಳದ ಕೆಳಗೆ ಜಾಲರಿಯಂಥ ಪಟ್ಟಿಯೊಂದನ್ನು ಕೂರಿಸಿ ನಾಳಕ್ಕೆ ಆಸರೆ ಕೊಡುತ್ತಾರೆ. ಇದನ್ನು ಸ್ಲಿಂಗ್ ಎನ್ನುತ್ತಾರೆ. ಸೋರುವುದು ಜೋರಾಗಿದ್ದರೆ ಕೃತಕ ಸ್ಫಿಂಕ್ಟರ್, ಅಂದರೆ ಮೂತ್ರ ತಡೆಹಿಡಿಯುವ ಸಾಧನ, ಹಾಕುತ್ತಾರೆ. 1972ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಡಾ. ಬ್ರಾಂಟ್ಲಿ ಸ್ಕಾಟ್ ಇಂಥದ್ದನ್ನು ಮೊದಲ ಸಲ ಅಳವಡಿಸಿದರು. ಈಗ ಬಳಕೆಯಲ್ಲಿರುವ ರೂಪ 1980ರ ದಶಕದ ಮೊದಲಿನಿಂದ ಇದೆ. ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿಯನ್ನು ಬೆರಳಷ್ಟು ಸಣ್ಣದು ಮಾಡಿ ಮೂತ್ರನಾಳಕ್ಕೆ ಸುತ್ತಿದರೆ ಹೇಗೋ ಹಾಗೆ ಒಂದು ಕಫ್, ಹೊಟ್ಟೆಯೊಳಗೆ ನೀರು ತುಂಬಿದ ಪುಟ್ಟ ಬಲೂನು, ವೃಷಣ ಚೀಲದೊಳಗೆ ಒಂದು ಪಂಪು. ಮೂತ್ರಕ್ಕೆ ಹೋಗಬೇಕಾದಾಗ ಪಂಪನ್ನು ಹೊರಗಿನಿಂದ ಕೆಲವು ಸಲ ಒತ್ತಬೇಕು. ಕಫ್‌ನಲ್ಲಿದ್ದ ನೀರು ಬಲೂನಿಗೆ ಹೋಗಿ ನಾಳ ತೆರೆಯುತ್ತದೆ. ಎರಡು ಮೂರು ನಿಮಿಷದಲ್ಲಿ ನೀರು ತಾನಾಗಿ ಹಿಂದಿರುಗಿ ಮತ್ತೆ ಬಿಗಿಯುತ್ತದೆ.

ನನಗೆ ಹಾಕಿದ್ದು ಇದನ್ನೇ. ಮೊದಲು ವೈದ್ಯರು ನನ್ನ ಬೆರಳು ನೋಡಿದರು. ಕುಡುಗೋಲು ಹಿಡಿದ ಕೈ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತುವ ಬಲ ಇದೆಯೇ ಎಂದು ಪರೀಕ್ಷಿಸಿದರು. ಆಮೇಲೆ ಅವರು ಹೇಳಿದ ಮಾತು ನನ್ನನ್ನು ಉಳಿಸಿತು ಎಂದೇ ತಿಳಿದಿದ್ದೇನೆ. ‘ಮೇಷ್ಟ್ರೇ, ಪೂರ್ತಿ ಒಣಗಿಸ್ತೀನಿ ಅಂತ ಮಾತು ಕೊಡಲ್ಲ. ಭಾರ ಎತ್ತಿದಾಗ ನಾಲ್ಕು ಹನಿ ಬರಬಹುದು. ಸೋಂಕಾದರೆ ತೆಗೀಬೇಕಾಗುತ್ತೆ. ಯಂತ್ರ ಅಲ್ವಾ, ಕೆಲವು ವರ್ಷ ಆದ ಮೇಲೆ ಕೆಟ್ಟರೆ ಬದಲಾಯಿಸಬೇಕು. ಗಾಯ ಆರೋವರೆಗೂ ಆರು ವಾರ ಅದನ್ನ ಚಾಲೂ ಮಾಡಲ್ಲ, ಅಲ್ಲೀವರೆಗೆ ಈಗಿನಂಗೇ ಸೋರುತ್ತೆ. ಇಷ್ಟಕ್ಕೆ ಒಪ್ಪಿಗೆಯಾದ್ರೆ ಮಾಡೋಣ.’ ಸೈಕಲ್ ಬೇಡ, ಅದರ ಸೀಟು ಕಫ್ ಇರುವ ಜಾಗವನ್ನೇ ಒತ್ತುತ್ತದೆ ಎಂದೂ ಹೇಳಿದರು. ಇಷ್ಟೆಲ್ಲ ತಿಳಿದ ಮೇಲೆ ಸಹಿ ಹಾಕಿದೆ. ಸಾಧನ ವಿದೇಶದಿಂದ ಬರುವುದು, ಬೆಲೆ ಲಕ್ಷಗಳಲ್ಲಿ. ನಿವೃತ್ತಿಯ ಹಣದಲ್ಲಿ ದೊಡ್ಡ ಪಾಲು ಅದಕ್ಕೆ ಹೋಯಿತು.

ಈಗ ಹೇಗಿದ್ದೇನೆ? ಬೆಟ್ಟ ಹತ್ತುವಾಗ ಏನೂ ಆಗುವುದಿಲ್ಲ, ಇಳಿಜಾರಿನಲ್ಲಿ ಕಾಲೂರಿ ಇಳಿಯುವಾಗ ಹನಿ ಬರುತ್ತದೆ. ಕಣದ ಕೆಲಸವಿದ್ದ ದಿನ ಒಂದು ತೆಳು ಪ್ಯಾಡ್ ಇಟ್ಟುಕೊಳ್ಳುತ್ತೇನೆ. ಪಂಚೆ ಉಡುತ್ತೇನೆ. ಪಂಕ್ತಿಯಲ್ಲಿ ಕೂರುತ್ತೇನೆ. ದೇವಸ್ಥಾನದ ಒಳಗೆ ಹೋಗಿ ನಿಲ್ಲುತ್ತೇನೆ. ಪುಸ್ತಕದ ಕಟ್ಟುನಿಟ್ಟಿನ ವ್ಯಾಖ್ಯೆಯಲ್ಲಿ ನಾನು ಇನ್ನೂ ‘ಸೋರುವ ರೋಗಿ’. ಆದರೆ ಈ ಆಪರೇಷನ್ ಮತ್ತೆ ಮಾಡಿಸಿಕೊಳ್ಳುತ್ತೀರಾ ಎಂದು ಯಾರಾದರೂ ಕೇಳಿದರೆ ನಾಳೆಯೇ ಹೊರಡುತ್ತೇನೆ.

ಇದು ನನ್ನೊಬ್ಬನ ಮನಸ್ಸಿನ ಮಾತಿರಬಹುದೇ ಎಂದು ಹುಡುಕಿ ಓದಿದೆ. ಬ್ರಿಟನ್ನಿನ 27 ಆಸ್ಪತ್ರೆಗಳಲ್ಲಿ 380 ಗಂಡಸರ ಮೇಲೆ ಸ್ಲಿಂಗ್ ಮೇಲೋ ಕೃತಕ ಸ್ಫಿಂಕ್ಟರ್ ಮೇಲೋ ಎಂದು ಹೋಲಿಸಿದ ‘ಮಾಸ್ಟರ್’ ಎಂಬ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಒಂದು ಹನಿ ಬಂದರೂ ಸೋರಿಕೆ ಎಂದೇ ಅಲ್ಲಿ ಎಣಿಸಿದರು. ಆ ಲೆಕ್ಕದಲ್ಲಿ ವರ್ಷದ ಕೊನೆಗೆ ಸ್ಲಿಂಗ್ ಹಾಕಿಸಿಕೊಂಡವರಲ್ಲಿ ಶೇ 87, ಸ್ಫಿಂಕ್ಟರ್ ಹಾಕಿಸಿಕೊಂಡವರಲ್ಲಿ ಶೇ 84 ಮಂದಿ ಇನ್ನೂ ಸೋರುತ್ತಲೇ ಇದ್ದರು. ಮೊದಲ ಸಲ ಈ ಅಂಕಿ ನೋಡಿ ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಹಾಗಾದರೆ ಎರಡೂ ದಂಡವೇ? ಅದೇ ಗಂಡಸರಿಗೆ ಎಷ್ಟು ಸಲ ಸೋರುತ್ತದೆ, ಎಷ್ಟು ಸೋರುತ್ತದೆ, ದಿನದ ಬದುಕಿಗೆ ಎಷ್ಟು ತೊಡಕಾಗುತ್ತದೆ ಎಂದು ಕೇಳಿ 21ಕ್ಕೆ ಅಂಕ ಹಾಕಿದ್ದರು. ಆ ಅಂಕ ಹದಿನಾರರ ಆಸುಪಾಸಿನಿಂದ ಎಂಟರ ಆಸುಪಾಸಿಗೆ ಇಳಿದಿತ್ತು. ಬಹುಪಾಲು ಮಂದಿ ತೃಪ್ತರಾಗಿದ್ದರು, ಸ್ಫಿಂಕ್ಟರ್ ಗುಂಪಿನವರು ಇನ್ನೂ ಸ್ವಲ್ಪ ಹೆಚ್ಚು. ಅದಕ್ಕೂ ಬಹಳ ಮುಂಚೆ, 1996ರಲ್ಲಿ, ಅಮೆರಿಕದ ಒಂದು ಅಧ್ಯಯನ ಸ್ಫಿಂಕ್ಟರ್ ಹಾಕಿಸಿಕೊಂಡ 50 ಮಂದಿಯನ್ನು ಕೇಳಿತ್ತು. ಒಂದು ಹನಿಯೂ ಇಲ್ಲ ಎಂದವರು ಐದರಲ್ಲಿ ಒಬ್ಬರು. ತೃಪ್ತಿಯಿದೆ ಎಂದವರು ಹತ್ತರಲ್ಲಿ ಒಂಬತ್ತು ಮಂದಿ.

ಎರಡು ಅಂಕಿಗಳೂ ನಿಜ. ಒಂದು ಮೂತ್ರವನ್ನು ಅಳೆಯಿತು, ಇನ್ನೊಂದು ಮನುಷ್ಯನನ್ನು ಕೇಳಿತು. ಮೊದಲನೆಯದನ್ನಷ್ಟೇ ನೋಡಿದ ಒಬ್ಬ ಅಧಿಕಾರಿ, ಫಲವಿಲ್ಲದ ಚಿಕಿತ್ಸೆಗೆ ಸರ್ಕಾರದ ಹಣ ಯಾಕೆ ಎಂದು ಕಡತ ಮುಚ್ಚಬಹುದು. ಎರಡನೆಯದನ್ನಷ್ಟೇ ನೋಡಿದ ಖಾಸಗಿ ಆಸ್ಪತ್ರೆ ಹತ್ತಕ್ಕೆ ಒಂಬತ್ತು ಗ್ಯಾರಂಟಿ ಎಂದು ಫಲಕ ಹಾಕಬಹುದು. ಎರಡನೆಯದರ ಅಪಾಯ ನಮ್ಮ ಕಡೆ ಹೆಚ್ಚು.

ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದ ಇಬ್ಬರ ಬಗ್ಗೆ ಹೇಳಬೇಕು. ಒಬ್ಬರು ಚನ್ನಪಟ್ಟಣದ ಕಡೆಯವರು, ಆಲೆಮರದ ಆಟಿಕೆ ಕಡೆಯುವ ಕಸುಬು. ಅವರಿಗೆ ಸ್ಲಿಂಗ್ ಹಾಕಿದ್ದರು. ಮೊದಲು ದಿನಕ್ಕೆ ನಾಲ್ಕೈದು ಪ್ಯಾಡ್, ಆಮೇಲೆ ಒಂದೆರಡು. ವೈದ್ಯರಿಗೆ ಅಷ್ಟು ಸಾಲದೆನಿಸಿ ಇನ್ನೊಂದು ಆಪರೇಷನ್ ಮಾತೆತ್ತಿದರು. ಇವರು ಒಪ್ಪಲಿಲ್ಲ. ‘ಒಂದೇ ಸಮ ಮಧ್ಯಾಹ್ನದವರೆಗೂ ಕೂತು ಕೆಲಸ ಮಾಡ್ತೀನಿ ಮೇಷ್ಟ್ರೇ. ಅರಗಿನ ಬಣ್ಣ ಹತ್ತಿಸುವಾಗ ನಡುವೆ ಎದ್ದರೆ ಕೆಲಸ ಕೆಡುತ್ತೆ. ಈಗ ಏಳಲ್ಲ. ನಂಗೆ ಇನ್ನೇನು ಬೇಕು?’ ಅವರ ತೃಪ್ತಿಯ ಅಳತೆ ಆ ಒಂದು ಬೆಳಗಿನ ಕೆಲಸ.

ಇನ್ನೊಬ್ಬರು ಕನಕಪುರದ ಕಡೆಯ ರೇಷ್ಮೆ ಬೆಳೆಗಾರರು. ಸ್ಫಿಂಕ್ಟರ್ ಚೆನ್ನಾಗಿ ಕೂತಿತ್ತು, ಒಂದು ಹನಿ ಇಲ್ಲ, ವೈದ್ಯರ ಪಾಲಿಗೆ ನೂರಕ್ಕೆ ನೂರು. ಆದರೆ ಆ ಮನುಷ್ಯನ ಮುಖದಲ್ಲಿ ಗೆಲುವಿರಲಿಲ್ಲ. ಬಹಳ ಹೊತ್ತಿನ ಮೇಲೆ ದನಿ ತಗ್ಗಿಸಿ ಹೇಳಿದರು. ಕ್ಯಾನ್ಸರ್ ಆಪರೇಷನ್ ಆದಾಗಿನಿಂದ ಹೆಂಡತಿಯ ಜೊತೆಗಿನ ಸಂಬಂಧ ಹೋಗಿತ್ತು. ಹೀಗಾಗಬಹುದೆಂದು ಮುಂಚೆ ಯಾರೂ ಹೇಳಿರಲಿಲ್ಲ, ಆಮೇಲೂ ಯಾರೂ ಕೇಳಲಿಲ್ಲ. ಈ ಎರಡನೇ ಆಪರೇಷನ್ ಅದನ್ನೂ ಸರಿಮಾಡುತ್ತದೆ ಎಂದು ಅವರು ಒಳಗೊಳಗೇ ನಂಬಿದ್ದರು. ಪ್ರಾಸ್ಟೇಟಿನ ಅಕ್ಕಪಕ್ಕ ಹಾದುಹೋಗುವ ನರಗಳಿಗೆ ಪೆಟ್ಟಾದರೆ ನಿಮಿರುವ ಶಕ್ತಿ ಕುಂದುತ್ತದೆ, ಸ್ಫಿಂಕ್ಟರ್‌ಗೂ ಅದಕ್ಕೂ ಸಂಬಂಧವಿಲ್ಲ, ಅದಕ್ಕೆ ಬೇರೆ ಚಿಕಿತ್ಸೆಗಳಿವೆ. ಐದು ನಿಮಿಷದ ಮಾತು. ಆ ಐದು ನಿಮಿಷ ಯಾರೂ ಕೊಡದ ಕಾರಣ, ಒಣಗಿದ ಮನುಷ್ಯ ಅತೃಪ್ತನಾಗಿ ಕೂತಿದ್ದ.

ಆದ್ದರಿಂದ ಆರೋಗ್ಯ ಇಲಾಖೆಯ ಮುಂದೆ ನನ್ನ ಬೇಡಿಕೆಯಿದೆ. ಇಂಥ ಆಪರೇಷನ್ ಆದ ಪ್ರತಿ ರೋಗಿಯನ್ನು ಮೂರು ತಿಂಗಳಾದಾಗ ಒಮ್ಮೆ, ವರ್ಷವಾದಾಗ ಮತ್ತೊಮ್ಮೆ, ಆಪರೇಷನ್ ಮಾಡಿದವರಲ್ಲದೆ ಬೇರೆಯವರು ಮಾತಾಡಿಸಬೇಕು. ಮಾಡಿದ ವೈದ್ಯರೇ ಎದುರು ಕೂತು ‘ಹೇಗಿದೀರಿ’ ಎಂದರೆ ನಮ್ಮ ಕಡೆಯ ಯಾವ ಹಿರಿಯನೂ ‘ಚೆನ್ನಾಗಿಲ್ಲ’ ಎನ್ನುವುದಿಲ್ಲ. ಕೈಮುಗಿದು ಎದ್ದು ಬರುತ್ತಾನೆ. ಕೇಂದ್ರ ಸರ್ಕಾರ 2016ರಲ್ಲಿ ಶುರುಮಾಡಿದ ‘ಮೇರಾ ಅಸ್ಪತಾಲ್’ ವ್ಯವಸ್ಥೆ ಸಿಬ್ಬಂದಿಯ ನಡತೆ, ಶುಚಿತ್ವ, ಖರ್ಚು, ಚಿಕಿತ್ಸೆಯ ಗುಣಮಟ್ಟದ ಬಗ್ಗೆ ಅಭಿಪ್ರಾಯ ಕೇಳುತ್ತದೆ. ಒಳ್ಳೆಯದೇ. ಆದರೆ ಆಸ್ಪತ್ರೆ ಹೇಗಿತ್ತು ಎಂಬುದು ಒಂದು ಪ್ರಶ್ನೆ, ಆಪರೇಷನ್ ನಿನ್ನ ಬದುಕಿಗೆ ಏನು ಮಾಡಿತು ಎಂಬುದು ಬೇರೆಯೇ ಪ್ರಶ್ನೆ. ಮಾಗಡಿಯ ರೈತನಿಗೆ ಅರ್ಥವಾಗುವಂತೆ ಕೇಳಿ: ಮೂಟೆ ಎತ್ತುತ್ತೀಯಾ, ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತೀಯಾ, ನೆಲದ ಮೇಲೆ ಕೂತು ಉಣ್ಣುತ್ತೀಯಾ, ದೇವಸ್ಥಾನಕ್ಕೆ ಹೋಗುತ್ತೀಯಾ, ನೀನು ಅಂದುಕೊಂಡಿದ್ದು ಆಯಿತೇ, ನಿನ್ನ ಅಣ್ಣತಮ್ಮನಿಗೆ ಹೀಗಾದರೆ ಮಾಡಿಸಿಕೋ ಎನ್ನುತ್ತೀಯಾ?

ಮನೆಯವರನ್ನೂ ಕೇಳಬೇಕು. ನಾನು ನನ್ನ ಹೆಂಡತಿಯನ್ನು ಕೇಳಿದೆ, ಬಟ್ಟೆ ಒಗೆಯುವುದು ತಪ್ಪಿದ್ದಕ್ಕೆ ಸಮಾಧಾನವೇ ಎಂದು. ‘ಒಗೆಯೋದು ಏನು ಭಾರ ಬಿಡ್ರೀ. ನೀವು ಮಾತು ಬಿಟ್ಟಿದ್ರಲ್ಲ, ಮಕ್ಳ ಮೇಲೆಲ್ಲ ರೇಗ್ತಿದ್ರಲ್ಲ, ಅದು ತಪ್ತಲ್ಲ, ಅದನ್ನ ಬರೀರಿ’ ಎಂದಳು.

ಹಣದ ಮಾತನ್ನು ಬಿಡುವಂತಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ದಾಖಲೆ ಇಟ್ಟುಕೊಂಡು ಬಂದಿದೆ. ನಗರದ ಗಂಡಸರಿಗೆ ಹೆಚ್ಚಾಗಿ ಬರುವ ಕ್ಯಾನ್ಸರ್‌ಗಳ ಸಾಲಿನಲ್ಲಿ ಪ್ರಾಸ್ಟೇಟ್ ಈಗ ಮೇಲಿದೆ. ಆಯುಸ್ಸು ಹೆಚ್ಚಿದಂತೆ, ಪಿಎಸ್‌ಎ ಪರೀಕ್ಷೆ ಹಳ್ಳಿಗಳಿಗೂ ಬಂದಂತೆ, ಗ್ರಂಥಿ ತೆಗೆಸಿಕೊಳ್ಳುವವರು ಹೆಚ್ಚುತ್ತಾರೆ, ಅವರ ಹಿಂದೆ ಸೋರುವವರೂ ಹೆಚ್ಚುತ್ತಾರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆ ಕೊಡುತ್ತದೆ. ಕ್ಯಾನ್ಸರ್ ತೆಗೆಯಲು ಹಣ ಕೊಡುವ ಸರ್ಕಾರ, ಅದರ ಬೆನ್ನಿಗೇ ಬರುವ ಈ ತೊಂದರೆಯನ್ನು ಅದೇ ಚಿಕಿತ್ಸೆಯ ಮುಂದುವರಿದ ಭಾಗವೆಂದು ನೋಡಬೇಕು. ವಿಕ್ಟೋರಿಯಾ ಆವರಣದ ನೆಫ್ರೋ ಯುರಾಲಜಿ ಸಂಸ್ಥೆಯಂಥ ಸರ್ಕಾರಿ ಕಡೆಗಳಲ್ಲಿ, ನನಗಿರುವಂಥ ಪಿಂಚಣಿ ಇಲ್ಲದ ರೈತನಿಗೂ ಈ ಎರಡನೇ ಆಪರೇಷನ್ ಸಿಗುವಂತಾಗಬೇಕು. ಬಸ್ ನಿಲ್ದಾಣದ ಗಂಡಸರ ಶೌಚಾಲಯದಲ್ಲಿ ಬಳಸಿದ ಪ್ಯಾಡ್ ಹಾಕಲು ಮುಚ್ಚಳವಿರುವ ಒಂದು ಡಬ್ಬ ಇಡಲು ಲಕ್ಷಗಳೇನೂ ಬೇಕಿಲ್ಲ. ಬ್ರಿಟನ್ನಿನಲ್ಲಿ ಪ್ರಾಸ್ಟೇಟ್ ರೋಗಿಗಳ ಸಂಸ್ಥೆಯೊಂದು ಇದಕ್ಕಾಗಿಯೇ ಚಳವಳಿ ಮಾಡಿದೆ. ನಾನು ಎಷ್ಟೋ ಸಲ ಒದ್ದೆ ಪ್ಯಾಡನ್ನು ಕವರಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡು ಊರಿಗೆ ತಂದಿದ್ದೇನೆ.

ಕೊನೆಯದು ಜೀವಕ್ಕೆ ಸಂಬಂಧಿಸಿದ ಮಾತು. ನಮ್ಮ ತಾಲ್ಲೂಕು ಆಸ್ಪತ್ರೆಗಳ ದಾದಿಯರೂ ವೈದ್ಯರೂ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಸ್ಫಿಂಕ್ಟರ್ ಹಾಕಿಸಿಕೊಂಡವನು ಅಪಘಾತವಾಗಿಯೋ ಪಾರ್ಶ್ವವಾಯು ಬಡಿದೋ ಪ್ರಜ್ಞೆಯಿಲ್ಲದೆ ಬಂದಾಗ ಎಲ್ಲರಿಗೂ ಹಾಕುವಂತೆ ಮೂತ್ರದ ಪೈಪ್ ಹಾಕಿಬಿಟ್ಟರೆ, ಬಿಗಿದಿರುವ ಕಫ್‌ನೊಳಗೆ ಪೈಪ್ ತೂರಿ ಮೂತ್ರನಾಳ ಹರಿಯಬಹುದು, ಆಮೇಲೆ ಕೊಳೆತು ಸಾಧನವನ್ನೇ ತೆಗೆಯಬೇಕಾಗಬಹುದು. ಮೊದಲು ಕಫ್ ಸಡಿಲಿಸಿ, ಪಂಪಿನ ಮೇಲಿರುವ ಗುಂಡಿ ಒತ್ತಿ ಅದನ್ನು ನಿಷ್ಕ್ರಿಯಗೊಳಿಸಿ, ಆಮೇಲೆ ಸಣ್ಣ ಪೈಪನ್ನು, ಬೇಕಾದಷ್ಟು ಹೊತ್ತು ಮಾತ್ರ ಹಾಕಬೇಕು. ಗೊತ್ತಿಲ್ಲದಿದ್ದರೆ ಯುರಾಲಜಿ ವೈದ್ಯರಿಗೆ ಫೋನ್ ಮಾಡಿ ಕೇಳಬೇಕು. ನನಗೆ ಆಸ್ಪತ್ರೆಯವರು ಕೊಟ್ಟ ಕಾರ್ಡು ಇಂಗ್ಲಿಷಿನಲ್ಲಿದೆ. ಅದರ ಹಿಂಬದಿಯಲ್ಲಿ ಈ ಮಾತನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಪ್ರತಿ ಆಸ್ಪತ್ರೆಯೂ ಡಿಸ್ಚಾರ್ಜ್ ಮಾಡುವ ದಿನವೇ ಕನ್ನಡದ ಕಾರ್ಡು ಕೊಡಬೇಕು, ಒಂದು ರೋಗಿಯ ಕೈಗೆ, ಇನ್ನೊಂದು ಅವನ ಊರಿನ ಆರೋಗ್ಯ ಕೇಂದ್ರದ ಕಡತಕ್ಕೆ.